ಬೆಲೆಯ ನ್ಯಾಯ: ಕುಮಟಾ–ಭಟ್ಕಳ ಕರಾವಳಿಯ ಗೃಹಕೃತ್ಯವನ್ನು ಕುರಿತು ಒಂದು ವಿಚಾರ

1. ವಿಷಯ ಪ್ರವೇಶ

'ನ್ಯಾಯಬೆಲೆ' ಎಂಬ ಮಾತು ನಮ್ಮ ಜನಕ್ಕೆ ಪರಿಚಿತವಾಗಿರುವುದು ಅರ್ಥಶಾಸ್ತ್ರದ ಗ್ರಂಥಗಳಿಂದಲ್ಲ, ಪಡಿತರ ಅಂಗಡಿಯ ಹಲಗೆಯಿಂದ. ಆ ಹಲಗೆಯ ಕೆಳಗೆ ನಿಂತು ಅಕ್ಕಿಯನ್ನು ಪಡೆಯುವ ಗೃಹಿಣಿಯೇ ಅದೇ ದಿನ ಪಕ್ಕದ ಕಿರಾಣಿ ಅಂಗಡಿಗೋ, ಹೆದ್ದಾರಿಯ ಬದಿಯ ಸೂಪರ್ ಮಾರ್ಕೆಟ್ಟಿಗೋ ಹೋಗಿ ಎಣ್ಣೆ, ಸಾಬೂನು, ಚಹಾಪುಡಿ, ಬಿಸ್ಕತ್ತು ಮೊದಲಾದುವನ್ನು ಕೊಳ್ಳುತ್ತಾಳೆ. ಅಲ್ಲಿಯ ಹಲಗೆಯ ಮೇಲೆ 'ನ್ಯಾಯ' ಎಂಬ ಶಬ್ದವಿಲ್ಲ. ಹಾಗಾದರೆ ಆ ಅಂಗಡಿಯ ಬೆಲೆಗಳಲ್ಲಿ ನ್ಯಾಯವನ್ನು ಕಾಯುವವರು ಯಾರು? ಸರ್ಕಾರವು ಯಾವ ಉಪಾಯಗಳಿಂದ ಅದನ್ನು ಕಾಯಲು ಯತ್ನಿಸಿದೆ? ಆ ಯತ್ನವು ಮನೆವಾರ್ತೆ ನಡೆಸುವವರಿಗೆ ಎಷ್ಟರಮಟ್ಟಿಗೆ ಫಲ ಕೊಟ್ಟಿದೆ? ಈ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಬೇಕೆಂದು ನಾವು ಉದ್ದೇಶಿಸಿದ್ದೇವೆ.

ವಿಚಾರಕ್ಕೆ ಆಧಾರಸ್ಥಾನವಾಗಿ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರವನ್ನೂ, ಅದರ ಉತ್ತರಕ್ಕಿರುವ ಹೊನ್ನಾವರ, ಕುಮಟಾ ಪೇಟೆಗಳನ್ನೂ ಆರಿಸಿಕೊಂಡಿದ್ದೇವೆ. ಇದಕ್ಕೆ ಕಾರಣವಿದೆ. ಅಳತೆಯು ಕಣ್ಣಿಗೆ ಕಾಣುವಂಥ ಹಳೆಯ ಮಾರಾಟದ ಕ್ರಮವೂ, ಅಳತೆಯು ಪೊಟ್ಟಣದೊಳಗೆ ಅಡಗಿರುವ ಹೊಸ ಕ್ರಮವೂ ಈ ಕರಾವಳಿಯಲ್ಲಿ ಒಂದರ ಪಕ್ಕದಲ್ಲೊಂದು ನಡೆಯುತ್ತಿವೆ. ಎರಡನ್ನೂ ಹೋಲಿಸಿ ನೋಡಿದರೆ ಬೆಲೆಯ ಪ್ರಶ್ನೆಯು ಸುಲಭವಾಗಿ ಅರ್ಥವಾಗುವುದು.

2. ಕಣ್ಣಿಗೆ ಕಾಣುವ ಅಳತೆ

ಮೀನುಪೇಟೆಯಿಂದ ಪ್ರಾರಂಭಿಸೋಣ. ಇಲ್ಲಿ ಬಂಗುಡೆಯನ್ನು ಕೊಳ್ಳಲು ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ 'ಕಿಲೋಗೆ ಎಷ್ಟು' ಎಂದಲ್ಲ, 'ನೂರಕ್ಕೆ ಎಷ್ಟು' ಎಂದು. ಹಣ ಸ್ಥಿರ, ಮೀನಿನ ಸಂಖ್ಯೆ ಚರ. ದೋಣಿಗಳು ತುಂಬಿ ಬಂದ ದಿನ ನೂರು ರೂಪಾಯಿಗೆ ಹೆಚ್ಚು ಮೀನು, ಬರಿದಾಗಿ ಬಂದ ದಿನ ಕಡಿಮೆ. ಜೂನ್ 1ರಿಂದ ಜುಲೈ 31ರ ವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಅರುವತ್ತೊಂದು ದಿನಗಳಲ್ಲಿ ನೂರು ರೂಪಾಯಿಗೆ ದೊರೆಯುವ ಮೀನು ಬಹಳವಾಗಿ ಕುಗ್ಗುತ್ತದೆ. ಆದರೆ ಕುಗ್ಗಿದುದು ಕಣ್ಣೆದುರಿಗೆ ಇರುತ್ತದೆ. ಗಾತ್ರ ಸಣ್ಣದಾಯಿತೆಂದು ಗಿರಾಕಿ ಆಕ್ಷೇಪಿಸಬಹುದು. ಮಾರುವ ಹೆಂಗಸು ಒಂದು ಮೀನನ್ನು ಹೆಚ್ಚಿಗೆ ಹಾಕಬಹುದು. ಒಪ್ಪದಿದ್ದರೆ ಗಿರಾಕಿ ಪಕ್ಕದ ಬುಟ್ಟಿಗೆ ಹೋಗಬಹುದು.

ಕುಮಟಾದ ಸಿಹಿ ಈರುಳ್ಳಿಯೂ ಹೀಗೆಯೇ. ಬೇಸಗೆಯಲ್ಲಿ ಹೆದ್ದಾರಿಯ ಬದಿಯಲ್ಲಿ ಅದನ್ನು ಜಡೆಯಂತೆ ಹೆಣೆದು ಗೊಂಚಲುಗಳಾಗಿ ತೂಗುಹಾಕಿರುತ್ತಾರೆ. ಗೊಂಚಲಿಗೆ ಇಷ್ಟು ಎಂದು ಬೆಲೆ. ಭಟ್ಕಳದ ಮಲ್ಲಿಗೆಗೆ ಮೊಳವೇ ಅಳತೆ. ಅದೂ ಮಾರುವವರ ಕೈಯ ಮೊಳ. ಮೊಳಕ್ಕೂ ಗೊಂಚಲಿಗೂ ಕಾಯ್ದೆಯ ಪುಸ್ತಕದಲ್ಲಿ ಸ್ಥಾನವಿಲ್ಲ. ಆದರೂ ಈ ವ್ಯಾಪಾರದಲ್ಲಿ ದೊಡ್ಡ ಮೋಸಕ್ಕೆ ಎಡೆ ಕಡಿಮೆ. ಏಕೆಂದರೆ ಕೊಳ್ಳುವವರು ಪದಾರ್ಥವನ್ನು ನೋಡುತ್ತಾರೆ, ಮುಟ್ಟುತ್ತಾರೆ, ನಿನ್ನೆಯದರೊಡನೆ ಹೋಲಿಸುತ್ತಾರೆ.

ಇನ್ನು ಪೊಟ್ಟಣವನ್ನು ನೋಡೋಣ. ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದಲ್ಲಿಯೂ ಹಣವೇ ಸ್ಥಿರ, ಪದಾರ್ಥವೇ ಚರ. ಎಂದರೆ ವ್ಯಾಪಾರದ ತತ್ತ್ವ ಮೀನುಪೇಟೆಯದೇ. ಭೇದವೇನೆಂದರೆ, ಇಲ್ಲಿ ಚರವಾದುದು ಹೊದಿಕೆಯೊಳಗಿದೆ. ಪೊಟ್ಟಣದ ಬಣ್ಣ ಅದೇ, ಉದ್ದಗಲ ಬಹುಮಟ್ಟಿಗೆ ಅದೇ, ಬೆಲೆ ಅದೇ. ಒಳಗಿನ ತೂಕ ಮಾತ್ರ 100 ಗ್ರಾಂನಿಂದ 90ಕ್ಕೆ, 90ರಿಂದ 80ಕ್ಕೆ ಇಳಿದಿರಬಹುದು. ಹೀಗಾದಾಗ ಬೆಲೆ ಏರಿದೆ ಎಂಬುದರಲ್ಲಿ ಸಂದೇಹವಿಲ್ಲ. ಏರಿದುದು ಗಿರಾಕಿಗೆ ತಿಳಿಯಲಿಲ್ಲ, ಅಷ್ಟೆ. ತೂಕವನ್ನು ಮುದ್ರಿಸಿದ್ದಾರಲ್ಲ ಎಂದು ತಯಾರಕರು ಹೇಳಬಹುದು. ಮುದ್ರಿಸಿರುವುದು ನಿಜ. ಆದರೆ ಕಳೆದ ತಿಂಗಳ ತೂಕವನ್ನು ನೆನಪಿನಲ್ಲಿಟ್ಟುಕೊಂಡು, ಭಾಗಾಕಾರ ಮಾಡಿ, ಏರಿಕೆಯನ್ನು ಕಂಡುಹಿಡಿಯುವ ಶ್ರಮವು ಗಿರಾಕಿಯ ಪಾಲಿಗೆ ಬಿದ್ದಿದೆ.

ಸರ್ಕಾರದ ಕಾರ್ಯವು ಈ ಶ್ರಮವನ್ನು ಎಷ್ಟು ಹಗುರಗೊಳಿಸಿದೆಯೆಂಬುದೇ ನಮ್ಮ ವಿಚಾರದ ತಿರುಳು.

3. ತೂಕದ ಏಕತೆ

ಬೆಲೆಯ ನ್ಯಾಯಕ್ಕೆ ತೂಕದ ನ್ಯಾಯವೇ ತಳಹದಿ. ಹಿಂದೆ ಸೇರು ಎಂಬ ಒಂದೇ ಹೆಸರಿನ ಕೆಳಗೆ ಹಲವು ತೂಕಗಳಿದ್ದುವು. ಹಳೆಯ ಮೈಸೂರಿನ ಕಚ್ಚಾ ಸೇರು 24 ತೊಲದ್ದು; 1939ರ ಕೇಂದ್ರದ ತೂಕಗಳ ಕಾಯ್ದೆಯು ಅಂಗೀಕರಿಸಿದ ಸೇರು 80 ತೊಲದ್ದು. ಎರಡೂ ಸೇರೇ. ಒಂದು ಸೀಮೆಯ ಬೆಲೆಯನ್ನು ಇನ್ನೊಂದು ಸೀಮೆಯ ಬೆಲೆಯೊಡನೆ ಹೋಲಿಸಬೇಕಾದರೆ ಮೊದಲು ಯಾವ ಸೇರು ಎಂದು ಕೇಳಬೇಕಾಗಿತ್ತು. 1862ರಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ ಘಟ್ಟದ ಮೇಲಿನ ವರ್ತಕರಿಗೂ ಕಡಲ ದಾರಿಯ ವರ್ತಕರಿಗೂ ಈ ತೊಡಕು ಸಹಜವಾಗಿತ್ತು.

1956ರ ತೂಕ ಮತ್ತು ಅಳತೆಗಳ ಕಾಯ್ದೆಯು ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಿತು. 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ಹಂತ ಹಂತವಾಗಿ ಅಂಗಡಿಗಳನ್ನು ಪ್ರವೇಶಿಸಿತು. ರೂಪಾಯಿಯೂ ಕಿಲೋಗ್ರಾಮೂ ಎರಡೂ ದಶಮಾಂಶಕ್ಕೆ ಬಂದುದರಿಂದ ಬೆಲೆಯ ಲೆಕ್ಕ ಸರಳವಾಯಿತು. ಗೃಹಕೃತ್ಯಕ್ಕೆ ಸರ್ಕಾರವು ಮಾಡಿದ ಉಪಕಾರಗಳಲ್ಲಿ ಇದು ದೊಡ್ಡದು. ಈಗ ಯಾರೂ ಇದನ್ನು ನೆನೆಯುವುದಿಲ್ಲ ಎಂಬುದೇ ಇದರ ಸಾಫಲ್ಯಕ್ಕೆ ಸಾಕ್ಷಿ.

4. ಮೊದಲನೆಯ ಉಪಾಯ: ಸರ್ಕಾರವೇ ಬೆಲೆಯನ್ನು ಕಟ್ಟುವುದು

ಬೆಲೆಯನ್ನು ನ್ಯಾಯವಾಗಿಸಲು ಸರ್ಕಾರವು ಹಿಡಿದ ಉಪಾಯಗಳನ್ನು ನಾವು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಸರ್ಕಾರವೇ ಬೆಲೆಯನ್ನು ನಿಗದಿಮಾಡಿ ತಾನೇ ಮಾರುವುದು ಅಥವಾ ಮಾರಿಸುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಮುಂಬಯಿ ನಗರದಲ್ಲಿ ಪಡಿತರ ಪದ್ಧತಿ ಆರಂಭವಾಯಿತು. ಸ್ವಾತಂತ್ರ್ಯಾನಂತರ ಬಂದ 1955ರ ಅಗತ್ಯ ವಸ್ತುಗಳ ಕಾಯ್ದೆಯು ಸಂಗ್ರಹ, ಸಾಗಣೆ, ಬೆಲೆಗಳನ್ನು ನಿಯಂತ್ರಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು.

ನಮ್ಮ ವಿಷಯಕ್ಕೆ ಹೆಚ್ಚು ಸಮೀಪವಾದ ಪ್ರಸಂಗವೊಂದಿದೆ. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಯಿತು. ಬೆಲೆಗಳು ಏರುವ ಭಯ ಎಲ್ಲೆಡೆ ಹಬ್ಬಿತು. ಮರುತಿಂಗಳೇ ದೆಹಲಿಯಲ್ಲಿ ಸರ್ಕಾರದ ಪ್ರೋತ್ಸಾಹದಿಂದ ಸಹಕಾರಿ 'ಸೂಪರ್ ಬಜಾರ್' ತೆರೆಯಿತು. ಒಂದೇ ಸೂರಿನ ಕೆಳಗೆ ಎಲ್ಲ ಸಾಮಾನು, ಹಚ್ಚಿದ ಬೆಲೆ, ಚೌಕಾಸಿಯಿಲ್ಲದ ಮಾರಾಟ ಎಂಬ ಕ್ರಮವನ್ನು ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ತೋರಿಸಿದ ಆರಂಭದ ಸಂಸ್ಥೆಗಳಲ್ಲಿ ಇದೊಂದು. ಅದು ಹುಟ್ಟಿದುದು ಬೆಲೆಯನ್ನು ಹಿಡಿದು ನಿಲ್ಲಿಸುವ ಉದ್ದೇಶದಿಂದ. ಕರ್ನಾಟಕದ ನಗರಗಳಲ್ಲಿ ಜನತಾ ಬಜಾರುಗಳು ಇದೇ ಆಶಯದಿಂದ ನಡೆದುವು. ಇಂದು ಸೂಪರ್ ಮಾರ್ಕೆಟ್ಟಿನ ಬೆಲೆಗಳನ್ನು ಸರ್ಕಾರವು ಕಾಯಬೇಕೆಂದು ನಾವು ಕೇಳುತ್ತಿದ್ದೇವೆ; ಅಂದು ಬೆಲೆಗಳನ್ನು ಕಾಯುವುದಕ್ಕೆಂದೇ ಸರ್ಕಾರವು ಅಂಥ ಅಂಗಡಿಯನ್ನು ತೆರೆಸಿತ್ತು.

ಈ ಉಪಾಯವು ಇಂದಿಗೂ ನಿಂತಿಲ್ಲ. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದಿತು. ಅದೇ ವರ್ಷದ ಜುಲೈನಲ್ಲಿ ಕರ್ನಾಟಕದ ಅನ್ನಭಾಗ್ಯ ಯೋಜನೆ ಪ್ರಾರಂಭವಾಯಿತು. 2023ರ ಜನವರಿಯಿಂದ ಕೇಂದ್ರದ ಪಾಲಿನ ಪಡಿತರ ಧಾನ್ಯ ಉಚಿತವಾಯಿತು. 2023ರ ಜುಲೈನಲ್ಲಿ ಕೇಂದ್ರ ಸರ್ಕಾರವು 'ಭಾರತ್' ಎಂಬ ಹೆಸರಿನಲ್ಲಿ ಕಡಲೆಬೇಳೆಯನ್ನು ಕಿಲೋಗೆ 60 ರೂಪಾಯಿಯಂತೆಯೂ, 2024ರ ಫೆಬ್ರವರಿಯಲ್ಲಿ ಅಕ್ಕಿಯನ್ನು 29 ರೂಪಾಯಿಯಂತೆಯೂ ಮಾರಲು ತೊಡಗಿತು. ಎರಡನೆಯ ಹಂತದಲ್ಲಿ, 2024ರ ನವೆಂಬರ್‌ನಲ್ಲಿ, ಅಕ್ಕಿಯ ಬೆಲೆ 34 ರೂಪಾಯಿಯಾಯಿತು. ಇಲ್ಲಿ ಸರ್ಕಾರವು ವರ್ತಕರ ಪಕ್ಕದಲ್ಲಿ ತಾನೂ ಒಬ್ಬ ವರ್ತಕನಾಗಿ ಕುಳಿತು ಪೇಟೆಯ ಬೆಲೆಯನ್ನು ತಗ್ಗಿಸಲು ಯತ್ನಿಸುತ್ತದೆ.

ಈ ಉಪಾಯದ ಬಲವೂ ಮಿತಿಯೂ ಸ್ಪಷ್ಟ. ಅಕ್ಕಿ, ಬೇಳೆ, ಹಿಟ್ಟುಗಳಂಥ ಕೆಲವೇ ಪದಾರ್ಥಗಳಿಗೆ ಇದು ಸಲ್ಲುತ್ತದೆ. ಅಂಗಡಿಯ ಅಟ್ಟಣೆಗಳಲ್ಲಿರುವ ಸಾವಿರಾರು ಬಗೆಯ ಪೊಟ್ಟಣಗಳಿಗೆ ಸರ್ಕಾರವು ಬೆಲೆ ಕಟ್ಟಲಾರದು. ಕಟ್ಟಹೊರಟರೆ ಅಭಾವವೂ ಕಳ್ಳಪೇಟೆಯೂ ಬರುವುದೆಂಬುದನ್ನು ನಿಯಂತ್ರಣದ ಕಾಲವನ್ನು ಕಂಡವರೆಲ್ಲರೂ ಬಲ್ಲರು.

5. ಎರಡನೆಯ ಉಪಾಯ: ಗರಿಷ್ಠ ಬೆಲೆಯ ಮುದ್ರೆ

ಎರಡನೆಯ ಉಪಾಯವು 'ಎಂಆರ್‌ಪಿ' ಎಂದು ಎಲ್ಲರ ಬಾಯಲ್ಲಿರುವ ಗರಿಷ್ಠ ಚಿಲ್ಲರೆ ಬೆಲೆ. 1976ರ ತೂಕ ಮತ್ತು ಅಳತೆಗಳ ಕಾಯ್ದೆಯ ಆಧಾರದಿಂದ 1977ರಲ್ಲಿ ಪೊಟ್ಟಣ ಸರಕುಗಳ ನಿಯಮಗಳು ಬಂದುವು. ಆರಂಭದಲ್ಲಿ ತಯಾರಕರು 'ಸ್ಥಳೀಯ ತೆರಿಗೆ ಬೇರೆ' ಎಂದು ಮುದ್ರಿಸಬಹುದಾಗಿತ್ತು. ಆ ತೆರಿಗೆ ಎಷ್ಟೆಂದು ಗಿರಾಕಿಗೆ ತಿಳಿಯದು. ಅಂಗಡಿಯವನು ಹೇಳಿದ್ದೇ ತೆರಿಗೆ. 1990ರ ತಿದ್ದುಪಡಿಯಿಂದ ಎಲ್ಲ ತೆರಿಗೆಗಳನ್ನೂ ಒಳಗೊಂಡ ಗರಿಷ್ಠ ಬೆಲೆಯನ್ನು ಮುದ್ರಿಸುವ ಪದ್ಧತಿ ಬಂದಿತು. ಈಗ ಈ ವಿಷಯವು 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ ಮತ್ತು 2011ರ ಪೊಟ್ಟಣ ಸರಕುಗಳ ನಿಯಮಗಳ ಅಧೀನವಾಗಿದೆ. ಇವೆರಡೂ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಒಂದೇ ಬಗೆಯ ಪೊಟ್ಟಣಕ್ಕೆ ಒಂದೆಡೆ ಒಂದು ಗರಿಷ್ಠ ಬೆಲೆ, ಇನ್ನೊಂದೆಡೆ ಇನ್ನೊಂದು ಎಂದು ಅನ್ಯಾಯವಾಗಿ ಮುದ್ರಿಸಕೂಡದೆಂಬ ನಿಯಮವು 2018ರ ಜನವರಿ 1ರಿಂದ ಬಂದಿತು.

ಮುರ್ಡೇಶ್ವರದಂಥ ಯಾತ್ರಾಸ್ಥಳದಲ್ಲಿ ಈ ಉಪಾಯದ ಪ್ರಯೋಜನ ಎದ್ದು ಕಾಣುತ್ತದೆ. ಊರನ್ನು ಅರಿಯದ ಪ್ರವಾಸಿಯೂ ನೀರಿನ ಬಾಟಲಿಯನ್ನು ಕೊಳ್ಳುವಾಗ ಮುದ್ರಿತ ಬೆಲೆಯನ್ನು ತೋರಿಸಿ ವಾದಿಸಬಲ್ಲನು. ತಂಪು ಮಾಡಿದ್ದಕ್ಕೆಂದು ಅಂಗಡಿಯಲ್ಲಿ ಎರಡು ರೂಪಾಯಿ ಹೆಚ್ಚಿಗೆ ಕೇಳುವುದು ನಿಯಮಕ್ಕೆ ವಿರುದ್ಧ. ಆದರೆ ಹೋಟೆಲಿನಲ್ಲಿ ಕುಳಿತು ತರಿಸಿಕೊಂಡರೆ ಮಾತು ಬೇರೆ. ಅಲ್ಲಿ ಬಾಟಲಿಯೊಡನೆ ಸೇವೆಯೂ ಸೇರಿರುತ್ತದೆ. ಆದ್ದರಿಂದ ಹೆಚ್ಚು ಬೆಲೆ ಪಡೆಯಬಹುದೆಂದು ಸುಪ್ರೀಂ ಕೋರ್ಟು 2017ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿತು.

ಆದರೆ ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಭ್ರಮೆಯಿದೆ. ಮುದ್ರಿತ ಬೆಲೆಯನ್ನು ಸರ್ಕಾರವೇ ನಿಗದಿಮಾಡಿದೆಯೆಂದು ಬಹುಜನರು ಭಾವಿಸಿದ್ದಾರೆ. 2013ರ ಔಷಧ ಬೆಲೆ ನಿಯಂತ್ರಣ ಆಜ್ಞೆಗೆ ಒಳಪಟ್ಟ ಮದ್ದುಗಳಂಥ ಕೆಲವು ವಸ್ತುಗಳನ್ನು ಬಿಟ್ಟರೆ ಇದು ನಿಜವಲ್ಲ. ಬೆಲೆಯನ್ನು ತೀರ್ಮಾನಿಸುವವರು ತಯಾರಕರು. ತೀರ್ಮಾನಿಸಿದುದನ್ನು ಮುದ್ರಿಸಬೇಕು, ಮುದ್ರಿಸಿದುದನ್ನು ಮೀರಬಾರದು ಎಂಬುದಷ್ಟೇ ಕಾಯ್ದೆಯ ಆಜ್ಞೆ. ಆದ್ದರಿಂದ ಗರಿಷ್ಠ ಬೆಲೆಯೆಂಬುದು ಒಂದು ಗಡಿಗೋಡೆ. ಗೋಡೆಯನ್ನು ಎಲ್ಲಿ ಕಟ್ಟಬೇಕೆಂಬುದನ್ನು ಹೊಲದ ಒಡೆಯನೇ ನಿರ್ಧರಿಸಿದ್ದಾನೆ. ಸೂಪರ್ ಮಾರ್ಕೆಟ್ಟಿನಲ್ಲಿ 'ಶೇಕಡಾ ಮೂವತ್ತು ರಿಯಾಯತಿ' ಎಂಬ ಚೀಟಿಯನ್ನು ಕಂಡಾಗ, ರಿಯಾಯತಿ ಯಾವುದರ ಮೇಲೆ ಎಂದು ಕೇಳಬೇಕು. ಗರಿಷ್ಠ ಬೆಲೆಯನ್ನೇ ಎತ್ತರಕ್ಕೆ ಬರೆದಿದ್ದರೆ ಅದರಿಂದ ಕಳೆದ ಮೂವತ್ತು ಗಿರಾಕಿಗೆ ಲಾಭವೆಂದು ಹೇಳಲಾಗದು.

ಗರಿಷ್ಠ ಬೆಲೆಯು ಅಂಗಡಿಯವನ ಅತ್ಯಾಶೆಯಿಂದ ಗಿರಾಕಿಯನ್ನು ರಕ್ಷಿಸುತ್ತದೆ. ಒಂದು ಪೊಟ್ಟಣ ಇನ್ನೊಂದಕ್ಕಿಂತ ಅಗ್ಗವೋ ತುಟ್ಟಿಯೋ, ಕಳೆದ ವರ್ಷಕ್ಕಿಂತ ಈ ವರ್ಷ ಏರಿದೆಯೋ ಎಂಬುದನ್ನು ಅದು ತಿಳಿಸುವುದಿಲ್ಲ.

6. ಮೂರನೆಯ ಉಪಾಯ: ಏಕಮಾನ ಬೆಲೆ

ಮೂರನೆಯ ಉಪಾಯದ ಹಿನ್ನೆಲೆಯನ್ನು ಮೊದಲು ತಿಳಿಯಬೇಕು. ಹಿಂದಿನ ನಿಯಮಗಳಲ್ಲಿ ಒಂದು ಅನುಬಂಧವಿತ್ತು. ಬಿಸ್ಕತ್ತು, ಚಹಾ, ಖಾದ್ಯ ತೈಲ, ಸಾಬೂನು ಮೊದಲಾದ ಹತ್ತೊಂಬತ್ತು ಬಗೆಯ ಸರಕುಗಳನ್ನು ಗೊತ್ತುಪಡಿಸಿದ ಪ್ರಮಾಣಗಳಲ್ಲಿಯೇ ತುಂಬಬೇಕೆಂದು ಅದು ವಿಧಿಸುತ್ತಿತ್ತು. ಪೊಟ್ಟಣಗಳು ಸಮಪ್ರಮಾಣದವಾಗಿದ್ದರೆ ಬೆಲೆಗಳನ್ನು ಹೋಲಿಸುವುದು ಸುಲಭ. 2021ರ ನವೆಂಬರ್‌ನಲ್ಲಿ ಪ್ರಕಟವಾದ ತಿದ್ದುಪಡಿಯು ಈ ಅನುಬಂಧವನ್ನು ತೆಗೆದುಹಾಕಿತು. ಎಂದರೆ ತಯಾರಕರು ತಮಗೆ ಇಷ್ಟವಾದ ಯಾವ ಪ್ರಮಾಣದಲ್ಲಾದರೂ ತುಂಬಬಹುದಾಯಿತು. ಅದಕ್ಕೆ ಪ್ರತಿಯಾಗಿ ಪೊಟ್ಟಣದ ಮೇಲೆ 'ಏಕಮಾನ ಬೆಲೆ'ಯನ್ನು, ಎಂದರೆ ಗ್ರಾಂ ಒಂದಕ್ಕೆ ಅಥವಾ ಕಿಲೋ ಒಂದಕ್ಕೆ ಎಷ್ಟು ಬೆಲೆಯಾಯಿತೆಂಬುದನ್ನು, ಮುದ್ರಿಸಬೇಕೆಂದು ವಿಧಿಸಲಾಯಿತು. 2022ರ ಏಪ್ರಿಲ್‌ನಲ್ಲಿ ಜಾರಿಗೆ ಬರಬೇಕಾಗಿದ್ದ ಈ ವಿಧಿ ಮುಂದೂಡಲ್ಪಟ್ಟು ಅನಂತರ ಆಚರಣೆಗೆ ಬಂದಿತು.

ತತ್ತ್ವದಲ್ಲಿ ಇದು ಅತ್ಯುತ್ತಮವಾದ ಉಪಾಯ. ಸರ್ಕಾರವು ಬೆಲೆಯನ್ನು ಕಟ್ಟುವುದಿಲ್ಲ, ಗೋಡೆಯನ್ನೂ ಎತ್ತುವುದಿಲ್ಲ. ಗಿರಾಕಿಯ ಭಾಗಾಕಾರವನ್ನು ತಯಾರಕರಿಂದ ಮಾಡಿಸುತ್ತದೆ. ಮೀನುಪೇಟೆಯ 'ನೂರಕ್ಕೆ ಎಷ್ಟು' ಎಂಬ ಪ್ರಶ್ನೆಗೆ ಪೊಟ್ಟಣವೂ ಉತ್ತರ ಕೊಡಬೇಕೆಂಬುದು ಇದರ ಸಾರಾಂಶ.

ಆದರೆ ನಿಯಮದ ವಿವರಗಳಲ್ಲಿ ಒಂದು ದೋಷ ಸೇರಿಕೊಂಡಿದೆ. ಒಂದು ಕಿಲೋಗಿಂತ ಹೆಚ್ಚಿನ ಪೊಟ್ಟಣಕ್ಕೆ ಕಿಲೋವಾರು ಬೆಲೆಯನ್ನೂ, ಕಡಿಮೆಯದಕ್ಕೆ ಗ್ರಾಂವಾರು ಬೆಲೆಯನ್ನೂ ತೋರಿಸಬೇಕು. ದ್ರವಗಳಿಗೂ ಹೀಗೆಯೇ, ಲೀಟರ್ ಅಥವಾ ಮಿಲಿಲೀಟರ್. ಬೆಲೆಯನ್ನು ರೂಪಾಯಿಯಲ್ಲಿ ಎರಡು ದಶಮಾಂಶ ಸ್ಥಾನಗಳಿಗೆ ಸರಿಪಡಿಸಿ ಬರೆಯಬೇಕು. ಈ ಎರಡು ವಿಧಿಗಳು ಕೂಡಿದಾಗ ಏನಾಗುವುದೆಂಬುದನ್ನು ಕಲ್ಪಿತ ಅಂಕಿಗಳಿಂದ ತೋರಿಸುತ್ತೇವೆ.

ಅರ್ಧ ಕಿಲೋ ಸಕ್ಕರೆಯ ಎರಡು ಪೊಟ್ಟಣಗಳಿವೆಯೆನ್ನೋಣ. ಒಂದಕ್ಕೆ 23 ರೂಪಾಯಿ, ಇನ್ನೊಂದಕ್ಕೆ 27. ಮೊದಲನೆಯದು ಗ್ರಾಂಗೆ 0.046 ರೂಪಾಯಿ, ಎರಡನೆಯದು 0.054. ಎರಡು ಸ್ಥಾನಗಳಿಗೆ ಸರಿಪಡಿಸಿದರೆ ಎರಡೂ 0.05. ಕಿಲೋಗೆ 46 ರೂಪಾಯಿಯ ಸಕ್ಕರೆಗೂ 54 ರೂಪಾಯಿಯ ಸಕ್ಕರೆಗೂ ಮುದ್ರಿತ ಏಕಮಾನ ಬೆಲೆ ಒಂದೇ! ಇಲ್ಲಿ ಎರಡೂ ಪೊಟ್ಟಣಗಳ ತೂಕ ಒಂದೇ ಆದುದರಿಂದ ಗಿರಾಕಿಗೆ ಭೇದ ತಿಳಿಯಬಹುದು. ಆದರೆ ಒಂದು 450 ಗ್ರಾಂನದು, ಇನ್ನೊಂದು 480 ಗ್ರಾಂನದು ಎಂದಾದರೆ ಏಕಮಾನ ಬೆಲೆಯೊಂದೇ ದಾರಿ. ಆ ದಾರಿಯೇ ಮಸುಕಾಗಿದೆ. ಗ್ರಾಂನ ಲೆಕ್ಕದಲ್ಲಿ ಒಂದು ಪೈಸೆಯೆಂದರೆ ಕಿಲೋನ ಲೆಕ್ಕದಲ್ಲಿ ಹತ್ತು ರೂಪಾಯಿ. ಕಿಲೋಗೆ ಹತ್ತು ರೂಪಾಯಿಯ ಒಳಗಿನ ಭೇದವನ್ನು ಈ ಅಳತೆಗೋಲು ಅನೇಕ ಸಂದರ್ಭಗಳಲ್ಲಿ ಕಾಣಲಾರದು. ಉಪ್ಪು, ಸಕ್ಕರೆ, ಹಿಟ್ಟುಗಳಂಥ ಅಗ್ಗದ ಪದಾರ್ಥಗಳಲ್ಲಿ ಹತ್ತು ರೂಪಾಯಿಯೆಂಬುದು ಸಣ್ಣ ಭೇದವಲ್ಲ. ಅಂಥವನ್ನೇ ಹೆಚ್ಚಾಗಿ ಕೊಳ್ಳುವವರು ಬಡವರು.

ಎಣ್ಣೆಯ ಉದಾಹರಣೆಯನ್ನು ನೋಡೋಣ. 850 ಮಿಲಿಲೀಟರಿನ ಚೀಲಕ್ಕೆ 130 ರೂಪಾಯಿಯಾದರೆ ಏಕಮಾನ ಬೆಲೆ ಮಿಲಿಲೀಟರಿಗೆ 0.15 ಎಂದು ಮುದ್ರಿತವಾಗುತ್ತದೆ. ಅದನ್ನು ಸಾವಿರದಿಂದ ಗುಣಿಸಿದ ಗೃಹಿಣಿ ಲೀಟರಿಗೆ 150 ಎಂದು ತಿಳಿಯುತ್ತಾಳೆ. ನಿಜವಾದ ಬೆಲೆ ಸುಮಾರು 153. ಪಕ್ಕದಲ್ಲಿ 150 ರೂಪಾಯಿಯ ಒಂದು ಲೀಟರಿನ ಚೀಲವಿದ್ದರೆ ಎರಡೂ ಸಮವೆಂದು ಕಾಣುವುದು. ಐದು ಲೀಟರಿನ ಡಬ್ಬಿಯ ಮೇಲೆ ಮಾತ್ರ ಲೀಟರುವಾರು ಬೆಲೆಯಿರುತ್ತದೆ. ಒಂದೇ ಅಟ್ಟಣೆಯ ಮೇಲಿನ ಒಂದೇ ಎಣ್ಣೆಗೆ ಎರಡು ಭಾಷೆಗಳು.

ಎಣ್ಣೆಯ ವಿಷಯದಲ್ಲಿ ಇನ್ನೊಂದು ಕೌತುಕವೂ ಇದೆ. ಕಾದ ಎಣ್ಣೆ ಹಿಗ್ಗುತ್ತದೆ. ಆದ್ದರಿಂದ ಒಂದು ಲೀಟರಿನ ತೂಕವು ತುಂಬುವಾಗಿನ ಉಷ್ಣತೆಯನ್ನು ಅವಲಂಬಿಸಿದೆ. ಸೋಯಾ ಎಣ್ಣೆಯ ಒಂದು ಲೀಟರ್ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 892.6 ಗ್ರಾಂ ತೂಗುತ್ತದೆ. ಹೆಚ್ಚಿನ ಉಷ್ಣತೆಯನ್ನು ಪೊಟ್ಟಣದ ಮೇಲೆ ನಮೂದಿಸಿ ಕಡಿಮೆ ತೂಕವನ್ನು ತುಂಬುವ ಅಭ್ಯಾಸವನ್ನು ಕಂಡು, ಉಷ್ಣತೆಯ ಉಲ್ಲೇಖವಿಲ್ಲದೆ ಪ್ರಮಾಣವನ್ನೂ ಅದರೊಡನೆ ತೂಕವನ್ನೂ ನಮೂದಿಸಬೇಕೆಂದು ಕೇಂದ್ರ ಸರ್ಕಾರವು 2022ರ ಆಗಸ್ಟ್‌ನಲ್ಲಿ ಸೂಚಿಸಿತು. ಭೌತಶಾಸ್ತ್ರದ ಪಾಠವೊಂದು ಅಡಿಗೆಮನೆಯ ಲೆಕ್ಕವನ್ನು ಹೀಗೆ ಪ್ರವೇಶಿಸಿತು.

7. 2025ರ ಒಂದು ಪರೀಕ್ಷೆ

ಮೇಲೆ ಹೇಳಿದ ದೋಷವು ಕೇವಲ ಪುಸ್ತಕದ ಲೆಕ್ಕವಲ್ಲವೆಂಬುದಕ್ಕೆ ಇತ್ತೀಚಿನ ಪ್ರಸಂಗವೊಂದು ನಿದರ್ಶನ. 2025ರ ಸೆಪ್ಟೆಂಬರ್ 22ರಿಂದ ಸರಕು ಮತ್ತು ಸೇವಾ ತೆರಿಗೆಯ ದರಗಳು ಬದಲಾದುವು. ಬಿಸ್ಕತ್ತು, ಸಾಬೂನು, ಶಾಂಪೂ, ಹಲ್ಲುಜ್ಜುವ ಪೇಸ್ಟುಗಳ ಮೇಲಿನ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಇಳಿಕೆಯು ಗಿರಾಕಿಗೆ ತಲುಪಬೇಕೆಂಬುದು ಸರ್ಕಾರದ ಆಶಯ. ಐದು, ಹತ್ತು ರೂಪಾಯಿಯ ಪೊಟ್ಟಣಗಳಲ್ಲಿ ಚಿಲ್ಲರೆಯ ತೊಂದರೆಯಿಂದಾಗಿ ಬೆಲೆಯನ್ನು ಇಳಿಸುವುದಕ್ಕೆ ಬದಲು ತೂಕವನ್ನು ಹೆಚ್ಚಿಸುವ ಮಾರ್ಗವನ್ನು ಹಲವು ತಯಾರಕರು ಹಿಡಿದರು. ಅದು ಸಹಜವೇ, ಮೀನುಪೇಟೆಯ ಕ್ರಮವೂ ಅದೇ.

ಆದರೆ ಎಷ್ಟು ಹೆಚ್ಚಿಸಿದರೆ ನ್ಯಾಯ? ಲೆಕ್ಕ ಸರಳ. ಹತ್ತು ರೂಪಾಯಿಗೆ 100 ಗ್ರಾಂ ಇದ್ದ ಪೊಟ್ಟಣದಲ್ಲಿ, ತೆರಿಗೆಯ ಇಳಿಕೆ ಪೂರ್ಣವಾಗಿ ಗಿರಾಕಿಗೆ ಸೇರಬೇಕಾದರೆ, ಸುಮಾರು 112 ಗ್ರಾಂ ಇರಬೇಕು. ಏಕಮಾನ ಬೆಲೆಯು ಹಿಂದೆ 0.10 ಇತ್ತು, ಈಗ 0.089, ಎಂದರೆ ಮುದ್ರಣದಲ್ಲಿ 0.09. ಯಾವನೋ ತಯಾರಕನು 112ಕ್ಕೆ ಬದಲಾಗಿ 106 ಗ್ರಾಂ ಮಾತ್ರ ತುಂಬಿದನೆನ್ನೋಣ. ಆಗಲೂ ಏಕಮಾನ ಬೆಲೆ 0.094, ಮುದ್ರಣದಲ್ಲಿ 0.09. ಪೂರ್ಣ ನ್ಯಾಯ ಮಾಡಿದವನಿಗೂ ಅರ್ಧ ನ್ಯಾಯ ಮಾಡಿದವನಿಗೂ ಒಂದೇ ಮುದ್ರೆ. ಹತ್ತು ರೂಪಾಯಿಯ ಪೊಟ್ಟಣದಲ್ಲಿ 106 ಗ್ರಾಂನಿಂದ 117 ಗ್ರಾಂವರೆಗೆ ಎಷ್ಟು ತುಂಬಿದರೂ ಏಕಮಾನ ಬೆಲೆ ಬದಲಾಗುವುದಿಲ್ಲ.

ಇದೇ ಅಂಕಿಗಳನ್ನು 100 ಗ್ರಾಂಗೆ ಎಷ್ಟು ಎಂದು ಬರೆದಿದ್ದರೆ ಮೊದಲನೆಯದು 8.93 ರೂಪಾಯಿ, ಎರಡನೆಯದು 9.43 ರೂಪಾಯಿ ಎಂದು ಸ್ಪಷ್ಟವಾಗಿ ಕಾಣುತ್ತಿತ್ತು. ದೋಷವು ತತ್ತ್ವದಲ್ಲಿಲ್ಲ; ಆರಿಸಿಕೊಂಡ ಏಕಮಾನದಲ್ಲಿದೆ.

ಮಳೆಗಾಲದ ಎರಡು ತಿಂಗಳು ಸಂಪಾದನೆ ಕುಗ್ಗಿರುವ ಮೀನುಗಾರರ ಮನೆಗಳಲ್ಲಿ ತಿಂಗಳ ಸಾಮಾನನ್ನು ಒಮ್ಮೆಗೇ ತರುವ ಅನುಕೂಲವಿರುವುದಿಲ್ಲ. ಅಂದಂದಿಗೆ ಬೇಕಾದ ಸಣ್ಣ ಪೊಟ್ಟಣಗಳನ್ನೇ ಅವರು ಕೊಳ್ಳಬೇಕು. ಸಣ್ಣ ಪೊಟ್ಟಣವು ಯಾವಾಗಲೂ ತುಟ್ಟಿಯೆಂದು ಹೇಳುವಂತಿಲ್ಲ; ಶಾಂಪೂವಿನಂಥ ಪದಾರ್ಥಗಳಲ್ಲಿ ಬಾಟಲಿಗಿಂತ ಚೀಟಿಪೊಟ್ಟಣವೇ ಅಗ್ಗವಾಗಿರುವುದುಂಟು. ಆದ್ದರಿಂದಲೇ ಊಹೆಯಿಂದ ಪ್ರಯೋಜನವಿಲ್ಲ, ಅಂಕಿಯೇ ಬೇಕು. ಆದರೆ 10 ಗ್ರಾಂ ಅಥವಾ 10 ಮಿಲಿಲೀಟರ್ ಮೀರದ ಪೊಟ್ಟಣಗಳಿಗೆ ಸಾಮಾನ್ಯವಾಗಿ ಈ ನಿಯಮಗಳಿಂದ ವಿನಾಯಿತಿಯಿದೆ. ಅದಕ್ಕಿಂತ ಸ್ವಲ್ಪ ದೊಡ್ಡವುಗಳಲ್ಲಿ ಅಂಕಿ ಮಸುಕಾಗಿದೆ. ಯಾರಿಗೆ ಲೆಕ್ಕವು ಅತ್ಯಂತ ಅಗತ್ಯವೋ ಅವರಿಗೇ ಲೆಕ್ಕವು ಅತ್ಯಂತ ಕಡಿಮೆ ಕಾಣುತ್ತದೆ.

8. ಪರದೇಶಗಳ ಅನುಭವ

ಏಕಮಾನ ಬೆಲೆಯ ಪದ್ಧತಿ ಬೇರೆ ದೇಶಗಳಿಗೆ ಹೊಸದಲ್ಲ. ಐರೋಪ್ಯ ಒಕ್ಕೂಟವು 1998ರ ನಿರ್ದೇಶನದಿಂದ ಇದನ್ನು ವಿಧಿಸಿತು. ಆಸ್ಟ್ರೇಲಿಯದ ದೊಡ್ಡ ಕಿರಾಣಿ ಅಂಗಡಿಗಳಲ್ಲಿ 2009ರ ಡಿಸೆಂಬರ್‌ನಿಂದ ಇದು ಕಡ್ಡಾಯ. ಈ ಎರಡು ಕಡೆಗಳ ಪದ್ಧತಿಗೂ ನಮ್ಮದಕ್ಕೂ ಮುಖ್ಯವಾದ ಭೇದವೊಂದಿದೆ. ಅಲ್ಲಿ ಏಕಮಾನ ಬೆಲೆಯನ್ನು ತೋರಿಸುವ ಹೊಣೆ ಅಂಗಡಿಯದು. ಅದು ಅಟ್ಟಣೆಯ ಚೀಟಿಯ ಮೇಲೆ, ಆ ದಿನ ನಿಜವಾಗಿ ಮಾರುವ ಬೆಲೆಗೆ ಅನುಗುಣವಾಗಿ ಇರುತ್ತದೆ. ನಮ್ಮಲ್ಲಿ ಹೊಣೆ ತಯಾರಕರದು. ಲೆಕ್ಕವು ಗರಿಷ್ಠ ಬೆಲೆಯ ಮೇಲೆ. ಅಂಗಡಿಯು ರಿಯಾಯತಿ ಕೊಟ್ಟ ಕ್ಷಣವೇ ಮುದ್ರಿತ ಏಕಮಾನ ಬೆಲೆ ಹಳೆಯದಾಗುತ್ತದೆ.

ಹಾಗೆಂದು ಅಲ್ಲಿ ಎಲ್ಲವೂ ಸರಿಯಾಗಿದೆಯೆಂದಲ್ಲ. ಬ್ರಿಟನ್ನಿನ ಸ್ಪರ್ಧಾ ಮತ್ತು ಮಾರುಕಟ್ಟೆಗಳ ಪ್ರಾಧಿಕಾರವು 2023ರಲ್ಲಿ ಪರಿಶೀಲಿಸಿದಾಗ, ಒಂದೇ ಬಗೆಯ ಪದಾರ್ಥಗಳಿಗೆ ಬೇರೆ ಬೇರೆ ಏಕಮಾನಗಳನ್ನು ಬಳಸುವುದು, ಓದಲಾಗದಷ್ಟು ಸಣ್ಣ ಅಕ್ಷರ ಮೊದಲಾದ ದೋಷಗಳು ಕಂಡುಬಂದುವು. ನಮ್ಮ ದೋಷಕ್ಕೂ ಅವರ ದೋಷಕ್ಕೂ ಇರುವ ಸಾಮ್ಯ ಗಮನಾರ್ಹ. ಫ್ರಾನ್ಸ್ ದೇಶವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2024ರ ಜುಲೈ 1ರಿಂದ ಅಲ್ಲಿಯ ದೊಡ್ಡ ಅಂಗಡಿಗಳು, ಪದಾರ್ಥದ ಪ್ರಮಾಣ ಕುಗ್ಗಿ ಏಕಮಾನ ಬೆಲೆ ಏರಿದ್ದರೆ, ಆ ಸಂಗತಿಯನ್ನು ಪದಾರ್ಥದ ಬಳಿಯೇ ಎರಡು ತಿಂಗಳ ಕಾಲ ಪ್ರಕಟಿಸಬೇಕು.

9. ನಮ್ಮ ಸೂಚನೆಗಳು

ಮೇಲಿನ ವಿಚಾರದಿಂದ ನಾವು ಕೆಲವು ಸೂಚನೆಗಳಿಗೆ ಬರುತ್ತೇವೆ. ಮೊದಲನೆಯದಾಗಿ, ಆಹಾರ ಪದಾರ್ಥಗಳಿಗೆಲ್ಲ ಪೊಟ್ಟಣದ ಗಾತ್ರ ಏನೇ ಇರಲಿ, ಏಕಮಾನ ಒಂದೇ ಇರಬೇಕು: ಕಿಲೋ ಅಥವಾ ಲೀಟರ್, ಇಲ್ಲವೇ ಸಣ್ಣ ಪದಾರ್ಥಗಳಿಗೆ 100 ಗ್ರಾಂ. ಇದಕ್ಕೆ ಹೊಸ ಕಾಯ್ದೆ ಬೇಡ. ನಿಯಮದಲ್ಲಿ ಒಂದು ವಾಕ್ಯವನ್ನು ತಿದ್ದಿದರೆ ಸಾಕು. ಎರಡನೆಯದಾಗಿ, ದೊಡ್ಡ ಅಂಗಡಿಗಳಲ್ಲಾದರೂ ಅಟ್ಟಣೆಯ ಮೇಲೆ ಮಾರಾಟ ಬೆಲೆಗೆ ತಕ್ಕ ಏಕಮಾನ ಬೆಲೆಯನ್ನು ಹಚ್ಚಬೇಕು. ಬೆಲೆಪಟ್ಟಿ ಗಣಕಯಂತ್ರದಲ್ಲಿರುವ ಅಂಗಡಿಗಳಿಗೆ ಇದು ಭಾರವಲ್ಲ. ಸಣ್ಣ ಕಿರಾಣಿ ಅಂಗಡಿಯವರನ್ನು ಇದರಿಂದ ಬಿಡಬಹುದು.

ಮೂರನೆಯದು ಭಾಷೆಯ ಮಾತು. ಕಡ್ಡಾಯವಾದ ವಿವರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕೆಂದು ನಿಯಮವಿದೆ. ಬೇರೆ ಭಾಷೆಯನ್ನು ಜೊತೆಗೆ ಬಳಸಲು ಅಡ್ಡಿಯಿಲ್ಲ. ಕನ್ನಡವನ್ನಷ್ಟೇ ಓದಬಲ್ಲ ಗೃಹಿಣಿಗೆ ಅಂಕಿಗಳು ತಿಳಿಯುತ್ತವೆ, ಆದರೆ ಯಾವ ಅಂಕಿ ಯಾವುದನ್ನು ಕುರಿತದ್ದೆಂದು ತಿಳಿಯದು. ಅಟ್ಟಣೆಯ ಚೀಟಿ ಕನ್ನಡದಲ್ಲಿದ್ದರೆ ಈ ತೊಡಕು ಬಹುಮಟ್ಟಿಗೆ ನೀಗುವುದು.

ನಾಲ್ಕನೆಯದು ಪರಿಹಾರದ ಮಾರ್ಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಐದು ಲಕ್ಷ ರೂಪಾಯಿಯವರೆಗಿನ ದೂರಿಗೆ ಶುಲ್ಕವಿಲ್ಲ. ಆದರೆ ಜಿಲ್ಲಾ ಗ್ರಾಹಕ ಆಯೋಗ ಇರುವುದು ಕಾರವಾರದಲ್ಲಿ. ಮುರ್ಡೇಶ್ವರದಿಂದ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಎಂಟು ರೂಪಾಯಿಯ ಅನ್ಯಾಯಕ್ಕೆ ಅಷ್ಟು ದೂರ ಯಾರೂ ಹೋಗುವುದಿಲ್ಲ. 1915 ಎಂಬ ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಆದರೂ ಸಣ್ಣ ಅನ್ಯಾಯಗಳಿಗೆ ದೂರಿಗಿಂತ ಮುಂಚಿತವಾದ ತಿಳಿವಳಿಕೆಯೇ ನಿಜವಾದ ಮದ್ದು.

ಈ ತಿಳಿವಳಿಕೆಯಲ್ಲಿ ಕಾಲೇಜುಗಳಿಗೂ ಪಾತ್ರವಿದೆ. ಅರ್ಥಶಾಸ್ತ್ರ, ವಾಣಿಜ್ಯ, ಸಂಖ್ಯಾಶಾಸ್ತ್ರಗಳ ವಿದ್ಯಾರ್ಥಿಗಳು ತಮ್ಮ ಊರಿನ ಅಂಗಡಿಗಳಲ್ಲಿ ಹತ್ತು ಪದಾರ್ಥಗಳನ್ನು ಆರಿಸಿಕೊಂಡು, ತಿಂಗಳಿಗೊಮ್ಮೆ ಬೆಲೆಯನ್ನೂ ನಿವ್ವಳ ತೂಕವನ್ನೂ ಬರೆದಿಟ್ಟು, 100 ಗ್ರಾಂಗೆ ಎಷ್ಟೆಂದು ಲೆಕ್ಕ ಹಾಕಿ ವರ್ಷವಿಡೀ ಒಂದು ದಾಖಲೆಯನ್ನು ಇಡಬಹುದು. ಬೆಲೆಯನ್ನು ಮಾತ್ರ ಬರೆದರೆ ಸಾಲದು, ತೂಕವನ್ನೂ ಬರೆಯಬೇಕು. ಬೆಲೆ ನಿಂತಲ್ಲೇ ನಿಂತು ತೂಕ ಸರಿದುಹೋದ ಉದಾಹರಣೆಗಳು ಅಂಥ ದಾಖಲೆಯಲ್ಲಿ ತಾವಾಗಿಯೇ ಹೊರಬೀಳುವುವು. ಖರ್ಚಿಲ್ಲದ ಈ ಅಭ್ಯಾಸದಿಂದ ಪಠ್ಯದ ಸೂಚ್ಯಂಕವು ಮನೆಯ ಲೆಕ್ಕದೊಡನೆ ಹೇಗೆ ಕೂಡಿಕೊಂಡಿದೆಯೆಂಬುದೂ ವಿದ್ಯಾರ್ಥಿಗೆ ಮನದಟ್ಟಾಗುವುದು.

10. ಉಪಸಂಹಾರ

ಒಟ್ಟಿನಲ್ಲಿ ನಾವು ಹೇಳಬೇಕಾದುದಿಷ್ಟು. ಬೆಲೆಯ ನ್ಯಾಯಕ್ಕಾಗಿ ಸರ್ಕಾರವು ಮೂರು ಉಪಾಯಗಳನ್ನು ಹಿಡಿಯಿತು: ತಾನೇ ಬೆಲೆ ಕಟ್ಟಿತು, ಬೆಲೆಗೆ ಮಿತಿ ಬರೆಯಿಸಿತು, ಬೆಲೆಯನ್ನು ಓದುವ ಸಾಧನವನ್ನು ಕೊಟ್ಟಿತು. ಮೊದಲನೆಯದು ಹಸಿವೆಗೆ, ಎರಡನೆಯದು ಅಂಗಡಿಯವನ ಅತ್ಯಾಶೆಗೆ, ಮೂರನೆಯದು ಹೊದಿಕೆಯೊಳಗಿನ ಗುಟ್ಟಿಗೆ ಉತ್ತರ. ಪೊಟ್ಟಣದ ಪೇಟೆ ಬೆಳೆದಂತೆಲ್ಲ ಮೂರನೆಯದರ ಮಹತ್ವ ಹೆಚ್ಚುತ್ತದೆ. ಅದೇ ಈಗ ಅತ್ಯಂತ ದುರ್ಬಲವಾಗಿರುವುದು ವಿಷಾದದ ಸಂಗತಿ. ಆದರೆ ಸರಿಪಡಿಸಲು ಅತ್ಯಂತ ಸುಲಭವಾದುದೂ ಅದೇ.

ಮುರ್ಡೇಶ್ವರದ ಗೃಹಿಣಿ ಮೀನುಬುಟ್ಟಿಯ ಮುಂದೆ ನಿಂತಾಗ 'ನೂರಕ್ಕೆ ಎಷ್ಟು' ಎಂದು ಕೇಳಿ ಉತ್ತರ ಪಡೆಯುತ್ತಾಳೆ. ಅಂಗಡಿಯ ಅಟ್ಟಣೆಯ ಮುಂದೆಯೂ ಅವಳು ಅದೇ ಪ್ರಶ್ನೆಯನ್ನು ಕೇಳಿ, ಅಷ್ಟೇ ಸ್ಪಷ್ಟವಾದ ಉತ್ತರವನ್ನು ಪಡೆಯುವಂತಾದರೆ 'ನ್ಯಾಯಬೆಲೆ' ಎಂಬ ಮಾತು ಪಡಿತರದ ಹಲಗೆಯಿಂದ ಇಳಿದು ಪೇಟೆಯನ್ನು ಪ್ರವೇಶಿಸಿತೆಂದು ಹೇಳಬಹುದು.